ತುಕ್ಕು ಹಿಡಿದ ರಥದ ಬೆಲೆ

ಹಳೆಯ ಮೋಟಾರು ಗಾಡಿಯೊಂದನ್ನು ಗುಜರಿಯವನ ಮುಂದೆ ತಂದು ನಿಲ್ಲಿಸಿ ನೋಡಿ. ಅವನು ಅದಕ್ಕೆ ಒಂದು ಪ್ರದಕ್ಷಿಣೆ ಬರುತ್ತಾನೆ. ಬಾನೆಟ್ಟನ್ನು ಎತ್ತಿ ಇಣುಕುತ್ತಾನೆ. ಕಾಲಿನಿಂದ ಟೈರನ್ನೊಮ್ಮೆ ಒದೆಯುತ್ತಾನೆ. ಅಷ್ಟು ಹೊತ್ತಿಗೆ ಅವನ ಮನಸ್ಸಿನೊಳಗೆ ಗಾಡಿ ತುಂಡುತುಂಡಾಗಿ ಬಿಚ್ಚಿಕೊಂಡಿರುತ್ತದೆ. ರೇಡಿಯೇಟರಿನ ತಾಮ್ರಕ್ಕೆ ಇಷ್ಟು, ಬ್ಯಾಟರಿಯ ಸೀಸಕ್ಕೆ ಇಷ್ಟು, ಗೇರುಪೆಟ್ಟಿಗೆ ನೆಟ್ಟಗಿದ್ದರೆ ಅದಕ್ಕೊಬ್ಬ ಗಿರಾಕಿ, ಮಿಕ್ಕ ತಗಡೆಲ್ಲ ತೂಕಕ್ಕೆ. ಅವನ ಲೆಕ್ಕದಲ್ಲಿ ಗಾಡಿ ಎಂಬ ಪದಾರ್ಥವೇ ಇಲ್ಲ, ಇರುವುದು ಭಾಗಗಳು ಮಾತ್ರ. ತುಕ್ಕು ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆಂಬುದು ಅವನ ವ್ಯಾಪಾರದ ಮೊದಲನೆಯ ಪಾಠ. ನಮ್ಮ ನಿಮ್ಮಂಥವರಿಗೂ ಇದು ನ್ಯಾಯವೆಂದೇ ತೋರುತ್ತದೆ.

ಈ ನ್ಯಾಯವನ್ನು ತಲೆಕೆಳಗು ಮಾಡಿದ ಪ್ರಸಂಗವೊಂದು 2010ರ ಜನವರಿ 23ರಂದು ಪ್ಯಾರಿಸಿನಲ್ಲಿ ನಡೆಯಿತು. ಬಾನಮ್ಸ್ ಎಂಬ ಹರಾಜು ಸಂಸ್ಥೆಯವರು ಅಂದು ಸವಾಲಿಗೆ ಇಟ್ಟ ವಸ್ತುಗಳಲ್ಲಿ ಒಂದು ಬುಗಾಟಿ ಕಾರು. ಕಾರೆಂದು ಕರೆಯುವುದು ಮರ್ಯಾದೆಯ ಮಾತಾಯಿತು. ಅದರ ಒಂದು ಪಕ್ಕದ ತಗಡು ಬಹುಪಾಲು ಕರಗಿ ಹೋಗಿತ್ತು. ಚಕ್ರಗಳ ಕಡ್ಡಿಗಳಿಗೆ ಹಾವಸೆಯೂ ಕೆಸರೂ ಮೆತ್ತಿ ಗಟ್ಟಿಯಾಗಿತ್ತು. ನಮ್ಮ ಗುಜರಿಯವನು ಕಂಡಿದ್ದರೆ ಸಾಗಿಸುವ ಕೂಲಿಯನ್ನೂ ನೀವೇ ಕೊಡಿ ಎನ್ನುತ್ತಿದ್ದನೋ ಏನೋ. ಹರಾಜಿನವರ ಅಂದಾಜು ಎಪ್ಪತ್ತರಿಂದ ತೊಂಬತ್ತು ಸಾವಿರ ಯೂರೋ. ಸವಾಲು ಮುಗಿದಾಗ ಕೊಂಡವರು ತೆತ್ತದ್ದು 2,60,500 ಯೂರೋ, ಅಂದಿನ ದರದಲ್ಲಿ ಸುಮಾರು 1.7 ಕೋಟಿ ರೂಪಾಯಿ.

ಈ ತುಕ್ಕಿನ ಮುದ್ದೆಯ ಪೂರ್ವೋತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಎತ್ತೋರೆ ಬುಗಾಟಿ ಇಟಲಿಯಲ್ಲಿ ಹುಟ್ಟಿದವನು. ಕಾರ್ಖಾನೆ ಕಟ್ಟಿದ್ದು ಆಲ್ಸೇಸಿನ ಮೋಲ್ಸೈಮ್ ಎಂಬ ಊರಿನಲ್ಲಿ. ಕಲಾವಿದರ ಮನೆತನದಿಂದ ಬಂದ ಈತನಿಗೆ ಯಂತ್ರವೂ ನೋಡಲು ಚೆಂದವಾಗಿರಬೇಕೆಂಬ ಹಟ. 1921ರಲ್ಲಿ ಇಟಲಿಯ ಬ್ರೆಸಿಯಾ ಪಟ್ಟಣದಲ್ಲಿ ನಡೆದ ಸಣ್ಣ ಕಾರುಗಳ ಪಂದ್ಯದಲ್ಲಿ ಮೊದಲ ನಾಲ್ಕು ಸ್ಥಾನಗಳೂ ಇವನ ಗಾಡಿಗಳ ಪಾಲಾದವು. ಅಂದಿನಿಂದ ಆ ಜಾತಿಯ ಕಾರುಗಳಿಗೆ ಬ್ರೆಸಿಯಾ ಎಂದೇ ಹೆಸರು ನಿಂತಿತು. ಒಂದೂವರೆ ಲೀಟರಿನ ಚಿಕ್ಕ ಎಂಜಿನ್ನು, ನಾಲ್ಕು ಸಿಲಿಂಡರು. ಆದರೆ ಸಿಲಿಂಡರಿಗೆ ನಾಲ್ಕರಂತೆ ಹದಿನಾರು ವಾಲ್ವು. ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳು ಬಾಳೆಹಣ್ಣಿನಂತೆ ಬಾಗಿರುತ್ತಿದ್ದವು. ಇಂಥ ಟ್ಯಾಪೆಟ್ಟನ್ನು ಬೇರೆ ಯಾವ ಕಾರಿನಿಂದ ತಂದು ಕೂಡಿಸುವುದು? ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದಕ್ಕೆ ಬೇಕಾಗುತ್ತದೆ.

ನಮ್ಮ ಕಥಾನಾಯಕ 1925ರಲ್ಲಿ ತಯಾರಾದ ಟೈಪ್ 22 ಬ್ರೆಸಿಯಾ, ಚಾಸಿ ಸಂಖ್ಯೆ 2461. ಫ್ರಾನ್ಸಿನಲ್ಲಿ ಕೆಲವು ಕೈ ದಾಟಿದ ಮೇಲೆ ಅದು ಸ್ವಿಟ್ಸರ್ಲೆಂಡಿನ ಮಜ್ಜೋರೆ ಸರೋವರದ ದಡದಲ್ಲಿರುವ ಅಸ್ಕೋನಾ ಊರನ್ನು ಸೇರಿತು. ಹೇಗೆ ಸೇರಿತೆಂಬುದಕ್ಕೆ ಎರಡು ಕಥೆಗಳಿವೆ. 1930ರಲ್ಲಿ ಮೊನಾಕೋ ಪಂದ್ಯ ಗೆದ್ದ ರೆನೆ ಡ್ರೇಫುಸ್ ಎಂಬ ಪ್ರಸಿದ್ಧ ಚಾಲಕ 1934ರಲ್ಲಿ ಪ್ಯಾರಿಸಿನ ಇಸ್ಪೀಟು ಮೇಜಿನ ಮುಂದೆ ಕುಳಿತು ಇದನ್ನು ಒಬ್ಬ ಸ್ವಿಸ್ ವಿಲಾಸಿಗೆ ಸೋತನೆಂಬುದು ಒಂದು. ಅಸ್ಕೋನಾದಲ್ಲಿ ಕೆಲವು ವರ್ಷ ನೆಲೆಸಿದ್ದ ವಾಸ್ತುಶಿಲ್ಪಿಯೊಬ್ಬ ತಂದು ಬಿಟ್ಟುಹೋದನೆಂಬುದು ಇನ್ನೊಂದು. ಜೂಜಿನ ಕಥೆ ಹೆಚ್ಚು ರುಚಿಯಾದದ್ದು. ಅದಕ್ಕಾಗಿಯೇ ನನಗೆ ಅದರಲ್ಲಿ ನಂಬಿಕೆ ಕಡಮೆ. ಎರಡು ಕಥೆಗಳೂ ಒಪ್ಪುವ ಅಂಶವೆಂದರೆ, ಗಾಡಿಯ ಮೇಲಿನ ಆಮದು ಸುಂಕವನ್ನು ಯಾರೂ ಕಟ್ಟಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರು ಕಂಡ ಮಾತು. ಸ್ವಿಸ್ ಸುಂಕದವರೂ ಅದೇ ಕುಲದವರು. ಸುಂಕ ತೆರದ ಸರಕನ್ನು ನಾಶಮಾಡಬೇಕೆಂಬುದು ಕಾಯಿದೆ. 1936ರಲ್ಲಿ ಗಾಡಿಯನ್ನು ಸರೋವರಕ್ಕೆ ಇಳಿಬಿಟ್ಟರು. ಮಾಲೀಕ ಹಣ ತಂದರೆ ಮತ್ತೆ ಎತ್ತೋಣವೆಂದು ಅದಕ್ಕೊಂದು ಸರಪಣಿಯನ್ನೂ ಕಟ್ಟಿದ್ದರಂತೆ. ಯಾರೂ ಬರಲಿಲ್ಲ. ಸರಪಣಿ ತುಕ್ಕು ತಿಂದು ಕಡಿಯಿತು. ಕಾರು 53 ಮೀಟರು ಆಳಕ್ಕೆ ಜಾರಿ, ಪಕ್ಕಕ್ಕೆ ಹೊರಳಿ, ಕೆಸರಿನಲ್ಲಿ ಮಲಗಿತು.

1967ರ ಆಗಸ್ಟಿನಲ್ಲಿ ಮುಳುಗುಗಾರನೊಬ್ಬನ ಕಣ್ಣಿಗೆ ಅದು ಬಿತ್ತು. ಮುಂದೆ ನಾಲ್ಕು ದಶಕಗಳ ಕಾಲ ಅಸ್ಕೋನಾದ ಮುಳುಗುಗಾರರ ಸಂಘದವರಿಗೆ ಅದು ನೀರಿನಡಿಯ ಒಂದು ಯಾತ್ರಾಸ್ಥಳವಾಗಿತ್ತು. ಕೆಳಗಿಳಿದು, ನೋಡಿ, ಮುಟ್ಟಿ, ಮೇಲೆ ಬರುತ್ತಿದ್ದರು. ಎತ್ತುವ ಯೋಚನೆ ಗಟ್ಟಿಯಾದದ್ದು ಒಂದು ದುಃಖದ ಕಾರಣದಿಂದ. 2008ರ ಫೆಬ್ರವರಿಯಲ್ಲಿ ಪಕ್ಕದ ಲೊಕಾರ್ನೋ ಪಟ್ಟಣದ ಕಾರ್ನಿವಲ್ ಉತ್ಸವದಲ್ಲಿ ಆ ಕಡೆಯ ತರುಣನೊಬ್ಬನನ್ನು ಕೆಲವರು ಹೊಡೆದು ಕೊಂದರು. ಅವನ ಹೆಸರಿನಲ್ಲಿ, ತರುಣರ ಹಿಂಸಾಚಾರದ ವಿರುದ್ಧ ಕೆಲಸ ಮಾಡಲು, ತಂದೆತಾಯಿಗಳು ಒಂದು ನಿಧಿಯನ್ನು ಕಟ್ಟಿದರು. ಆ ನಿಧಿಗೆ ಕೊಡಲು ಮುಳುಗುಗಾರರ ಬಳಿ ಇದ್ದ ಬೆಲೆಬಾಳುವ ವಸ್ತುವೆಂದರೆ ಇದೊಂದೇ. ಹಲವು ತಿಂಗಳು ಕೆಸರು ತೋಡಿ, 2009ರ ಜುಲೈ 12ರಂದು ಕಾರನ್ನು ಮೇಲಕ್ಕೆತ್ತಿದರು. ದಡದಲ್ಲಿ ಜನಸಮುದ್ರ ನೆರೆದಿತ್ತು. ಎಪ್ಪತ್ತಮೂರು ವರ್ಷಗಳ ಮೇಲೆ ಗಾಡಿ ಗಾಳಿ ಕಂಡಿತು.

ಈಗ ಗುಜರಿಯವನ ಲೆಕ್ಕಕ್ಕೆ ಬರೋಣ. ಸಿಹಿನೀರು, ತಣ್ಣಗಿನ ಆಳ, ಮೇಲಾಗಿ ಕೆಸರು: ಇವು ಕಬ್ಬಿಣಕ್ಕೆ ಅಷ್ಟೇನೂ ಕ್ರೂರಿಗಳಲ್ಲ. ಆಮ್ಲಜನಕ ಸುಳಿಯದ ಕಡೆ ತುಕ್ಕಿನ ಹಲ್ಲು ಮೊಂಡು. ಆದ್ದರಿಂದ ಕೆಸರಿನಲ್ಲಿ ಹೂತಿದ್ದ ಪಕ್ಕ ಹೆಚ್ಚು ಉಳಿದಿತ್ತು, ನೀರಿಗೆ ತೆರೆದಿದ್ದ ಪಕ್ಕ ಹೋಗಿತ್ತು. ಅಲ್ಯೂಮಿನಿಯಮ್ಮಿನ ಗತಿ ಬೇರೆ. ಎರಡು ಜಾತಿಯ ಲೋಹಗಳು ಒಂದನ್ನೊಂದು ಅಂಟಿಕೊಂಡು ನೀರಿನಲ್ಲಿ ಕುಳಿತರೆ, ಅವೆರಡೂ ನೀರೂ ಸೇರಿ ಒಂದು ಬ್ಯಾಟರಿಯಂತೆಯೇ ಆಗುತ್ತದೆ. ಉಕ್ಕಿನ ಪಕ್ಕದಲ್ಲಿದ್ದ ಅಲ್ಯೂಮಿನಿಯಮ್ಮು ತಾನು ಸವೆದು ಉಕ್ಕನ್ನು ಕಾಯುತ್ತದೆ. ಎಲ್ಲ ಕಳೆದು, ರಿಪೇರಿ ಮಾಡಿದರೆ ಮತ್ತೆ ಬಳಸಬಹುದಾದದ್ದು ಸುಮಾರು ಐದರಲ್ಲೊಂದು ಪಾಲು ಎಂದು ಬಲ್ಲವರು ಅಂದಾಜು ಕಟ್ಟಿದರು.

ಐದರಲ್ಲೊಂದು ಪಾಲಿಗೆ ಇಷ್ಟು ಹಣವೇ? ಇಲ್ಲಿ ಬಾಳೆಹಣ್ಣಿನ ಟ್ಯಾಪೆಟ್ಟು ನೆನಪಿಗೆ ಬರಬೇಕು. 1939ರಲ್ಲಿ ಎತ್ತೋರೆಯ ಮಗ ಜೀನ್ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಸತ್ತ; 1947ರಲ್ಲಿ ತಂದೆಯೂ ಹೋದ; ಕಾರ್ಖಾನೆ ಮತ್ತೆ ಮೊದಲಿನ ಹಾಗೆ ತಲೆ ಎತ್ತಲಿಲ್ಲ. ಬ್ರೆಸಿಯಾದ ಭಾಗಗಳು ಅಂಗಡಿಯಲ್ಲಿ ಸಿಗುವ ಕಾಲ ಮುಗಿದಿತ್ತು. ಬೇಕಾದವರು ಹೊಸದಾಗಿ ಕಡೆಸಿಕೊಳ್ಳಬಹುದು, ಆದರೆ ಅದು ಮೋಲ್ಸೈಮಿನದಾಗುವುದಿಲ್ಲ. ಮೋಲ್ಸೈಮಿನಲ್ಲಿ ಸಂಖ್ಯೆ ಕೊರೆದ ಒಂದು ಚಾಸಿ ಸಿಕ್ಕಿತೆಂದರೆ ಅದು ಕಬ್ಬಿಣವಲ್ಲ, ವಂಶಾವಳಿಯ ಪತ್ರ. ಅದರ ಮೇಲೆ ಮಿಕ್ಕದ್ದನ್ನೆಲ್ಲ ಕಟ್ಟಿ ಇದು 1925ರ ಗಾಡಿ ಎನ್ನಬಹುದು. ಹಾಗೆ ಕಟ್ಟುವ ಕುಶಲಿಗಳೂ, ಕಟ್ಟಿಸುವ ಶ್ರೀಮಂತರೂ ಬೇಕಾದಷ್ಟಿದ್ದಾರೆ.

ಈ ಹುಚ್ಚು ಎಲ್ಲ ಕಾಲಕ್ಕೂ ಇದ್ದದ್ದಲ್ಲ. ಫ್ರಾನ್ಸಿನ ಮ್ಯೂಲೂಸಿನಲ್ಲಿ ಬಟ್ಟೆ ಗಿರಣಿಗಳ ಒಡೆಯರಾಗಿದ್ದ ಶ್ಲುಂಫ್ ಸಹೋದರರು 1964ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಸಂಗ್ರಾಹಕನೊಬ್ಬನಿಂದ ಒಂದೇ ಕಂತೆಯಾಗಿ ಮೂವತ್ತು ಬುಗಾಟಿಗಳನ್ನು ಕೊಂಡರು. ಕೊಟ್ಟದ್ದು 85,000 ಡಾಲರು, ಒಂದೊಂದಕ್ಕೆ ಮೂರು ಸಾವಿರಕ್ಕೂ ಕಡಮೆ. ಆ ಮೂವತ್ತರಲ್ಲಿ, ಲೋಕದಲ್ಲಿ ಆರೇ ಆರು ಉಳಿದಿರುವ ರಾಯಲ್ ಮಾದರಿಯ ಭಾರೀ ಕಾರೂ ಒಂದಿತ್ತು! ಸಹೋದರರ ಗುಪ್ತ ಸಂಗ್ರಹ ಬೆಳೆಯಿತು, ಗಿರಣಿಗಳು ಕುಸಿದವು, 1977ರಲ್ಲಿ ಕೆಲಸಗಾರರು ನುಗ್ಗಿ ಅದನ್ನು ಬಯಲಿಗೆಳೆದರು. ಅದೇ ಇನ್ನೊಂದು ಲೇಖನಕ್ಕಾಗುವಷ್ಟಿದೆ.

ಸಂಖ್ಯೆಯೇ ವಂಶಾವಳಿ ಎಂದೆ. ಆದರೆ ಭಾಗಗಳೆಲ್ಲ ಬದಲಾದ ಮೇಲೂ ವಂಶ ನಿಲ್ಲುವುದೇ? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ಮೆಟ್ಟಲೇರಿತು. ವಸ್ತು ಒಂದು ಬೆಂಟ್ಲಿ ಸ್ಪೀಡ್ ಸಿಕ್ಸ್, ಪ್ರೀತಿಯ ಹೆಸರು ‘ಓಲ್ಡ್ ನಂಬರ್ ವನ್’. ಕಿಂಬರ್ಲಿಯ ವಜ್ರದ ಗಣಿಗಳ ಸಂಪತ್ತಿಗೆ ವಾರಸುದಾರನಾದ ವುಲ್ಫ್ ಬಾರ್ನಾಟೋ 1929ರಲ್ಲೂ 1930ರಲ್ಲೂ ಲೆ ಮಾನ್ಸಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದದ್ದು ಇದರಲ್ಲಿ. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದ ಇಳಿಜಾರು ಗೋಡೆಯನ್ನು ಹಾರಿ ಅದು ಹೊರಗೆ ಬಿತ್ತು. ಚಾಲಕ ಕ್ಲೈವ್ ಡನ್‌ಫೀ ಸತ್ತ. ಬಾರ್ನಾಟೋ ಅದನ್ನು ಮುಚ್ಚುಗಾಡಿಯಾಗಿ ಮತ್ತೆ ಕಟ್ಟಿಸಿದ. ಆಮೇಲೆಯೂ ಅದರ ಅಂಗಾಂಗಗಳು ಬದಲಾಗುತ್ತ ಬಂದವು. ಒಂದು ಕೋಟಿ ಪೌಂಡಿಗೆ ಅದನ್ನು ಕೊಳ್ಳಲು ಒಪ್ಪಿದ್ದ ಕಂಪನಿ ಕಡೆಗೆ ತಕರಾರೆತ್ತಿತು: ಇದು ಆ ಕಾರೇ ಅಲ್ಲ. ಬಿಚ್ಚಿ ಲೆಕ್ಕ ಹಾಕಿದರೆ, 1930ರಲ್ಲಿ ಗೆದ್ದ ಗಾಡಿಯಿಂದ ಖಚಿತವಾಗಿ ಉಳಿದಿದ್ದದ್ದು ಪೆಡಲಿನ ದಂಡ, ಗೇರುಪೆಟ್ಟಿಗೆಯ ಕವಚ, ಸ್ಟೀರಿಂಗ್ ಕಂಬ, ಇಷ್ಟೇ.

ನಮ್ಮ ಗುಜರಿಯವನು ನ್ಯಾಯಾಧೀಶನಾಗಿದ್ದರೆ ಕಂಪನಿಯೇ ಗೆಲ್ಲುತ್ತಿತ್ತು. ಪೀಠದ ಮೇಲಿದ್ದ ಆಟನ್ ಹಾಗೆ ಎಣಿಸಲಿಲ್ಲ. ಕಾರು ಯಾವ ಘಳಿಗೆಯಲ್ಲೂ ಸತ್ತು ಬೇರೊಂದಾಗಿ ಹುಟ್ಟಿಲ್ಲ. ಭಾಗಗಳು ಒಂದೊಂದಾಗಿ ಬದಲಾಗಿವೆ, ಚರಿತ್ರೆ ಕಡಿದಿಲ್ಲ. ಆ ಹೆಸರಿಗೆ ಹಕ್ಕು ಹೇಳಬಲ್ಲ ಇನ್ನೊಂದು ಕಾರೂ ಲೋಕದಲ್ಲಿಲ್ಲ. ಹಾಗಾಗಿ ಇದು ಮೂಲ ಸ್ಥಿತಿಯಲ್ಲಿಲ್ಲದಿದ್ದರೂ ನಿಜವಾದ ‘ಓಲ್ಡ್ ನಂಬರ್ ವನ್ನೇ’ ಎಂದು ತೀರ್ಪಿತ್ತರು.

ಈ ವ್ಯಾಜ್ಯ ನಮಗೆ ಹೊಸದಲ್ಲ. ‘ಮಿಲಿಂದಪನ್ಹ’ದಲ್ಲಿ ಭಿಕ್ಷು ನಾಗಸೇನ ರಥವೇರಿ ಬಂದ ಯವನರಾಜನನ್ನು ಕೇಳುತ್ತಾನೆ: ಮೂಕಿ ರಥವೇ, ಅಚ್ಚು ರಥವೇ, ಗಾಲಿ ರಥವೇ? ರಾಜ ಒಂದೊಂದಕ್ಕೂ ಅಲ್ಲವೆನ್ನುತ್ತಾನೆ. ಇಲ್ಲಿಗೆ ಗುಜರಿಯವನಿಗೆ ಜಯ. ಆದರೆ ಅದೇ ಗ್ರಂಥದಲ್ಲಿ ಇರುಳೆಲ್ಲ ಉರಿವ ದೀಪದ ಮಾತೂ ಬರುತ್ತದೆ. ಮೊದಲ ಜಾವದ ಜ್ವಾಲೆ ಕಡೆಯ ಜಾವದ ಜ್ವಾಲೆಯಲ್ಲ. ಆದರೂ ಉರಿದದ್ದು ಬೇರೆ ದೀಪವಲ್ಲ. ಆಟನ್ ಅವರ ತೀರ್ಪು ಈ ದೀಪದ ಪಕ್ಷ.

ಪೇಟೆಯೂ ಅದೇ ಪಕ್ಷಕ್ಕೆ ಸೇರಿತು. 2023ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟರೇಯಲ್ಲಿ 1954ರ ಫೆರಾರಿ 500 ಮೊಂಡಿಯಾಲ್ ಒಂದು ಸವಾಲಿಗೆ ಬಂತು. 1960ರ ದಶಕದಲ್ಲಿ ಅಪ್ಪಳಿಸಿ ಬೆಂದುಹೋಗಿದ್ದ, ಜಜ್ಜಿದ ಡಬ್ಬಿಯಂಥ ಆಕೃತಿ. ಅದರ ಸ್ವಂತ ಎಂಜಿನ್ನೂ ಜೊತೆಗಿರಲಿಲ್ಲ. ಬೆಲೆ ಹದಿನೆಂಟು ಲಕ್ಷ ಎಪ್ಪತ್ತೈದು ಸಾವಿರ ಡಾಲರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತೇವೆ. ಇಲ್ಲಿ ಆನೆಯ ನೆರಳಿಗೇ ಸಾವಿರ.

ನನಗೇನೋ ಈ ಫೆರಾರಿಯ ಬೆಲೆ ಅತಿಯೆನಿಸುತ್ತದೆ. ಕೊಂಡವರು ಹೊಸ ತಗಡು ಬಡಿದು, ಎಂಜಿನ್ನು ಕೂಡಿಸಿ, ಹಳೆಯ ಹೆಸರಿನ ಹೊಸ ಕಾರನ್ನು ಮಾಡಬೇಕಷ್ಟೆ. ಸರೋವರದ ಬುಗಾಟಿಗೂ ಅದೇ ಹಣೆಬರಹವೆಂದು ಹಲವರು ಭಾವಿಸಿದ್ದರು. ಭಾಗಗಳಿಗಾಗಿ ಬಿಚ್ಚಿದ್ದರೆ ಓಡುವ ಬ್ರೆಸಿಯಾಗಳಿಗೆ ಉಪಕಾರವಾಗುತ್ತಿತ್ತೆಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಕೊಂಡ ಪೀಟರ್ ಮಲ್ಲಿನ್ ಎರಡನ್ನೂ ಮಾಡಲಿಲ್ಲ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡಿನಲ್ಲಿದ್ದ ತನ್ನ ವಸ್ತುಸಂಗ್ರಹಾಲಯದಲ್ಲಿ, ಮಿರಮಿರನೆ ಮಿಂಚುವ ಕಾರುಗಳ ನಡುವೆ, ಅದನ್ನು ನೀರಿನಿಂದ ಎದ್ದ ರೂಪದಲ್ಲೇ ಇರಿಸಿದ. ಒಂದು ಮೊಳೆಯನ್ನೂ ಹೊಸದಾಗಿ ಹೊಡೆಸಲಿಲ್ಲ. ಮಲ್ಲಿನ್ 2023ರಲ್ಲಿ ತೀರಿಕೊಂಡ. 2024ರ ಫೆಬ್ರವರಿಯಲ್ಲಿ ಸಂಗ್ರಹಾಲಯದ ಬಾಗಿಲು ಮುಚ್ಚಿತು. ಅಲ್ಲಿಯವರೆಗೆ ಹದಿನಾಲ್ಕು ವರ್ಷ ಜನ ಬಂದು ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ಟೈರನ್ನು ಒದೆಯಲು ಮಾತ್ರ ಅಪ್ಪಣೆಯಿರಲಿಲ್ಲ.