ಬಿಕೆಟಿ ಸುತ್ತಿದ ಜಾವಾ

ಗಾಂಧಿನಗರದ ಸಿನಿಮಾ ವಿತರಕರು ಕರ್ನಾಟಕವನ್ನು ಜಿಲ್ಲೆಗಳಾಗಿ ಅಲ್ಲ, ಏರಿಯಾಗಳಾಗಿ ಹಂಚಿಕೊಂಡವರು. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ಬಿಕೆಟಿ. ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿದರೆ ಎಂಎಂಸಿಎಚ್. ನಮ್ಮಪ್ಪ ಬಿಕೆಟಿಗೆ ರೆಪ್ರೆಸೆಂಟೇಟಿವ್ ಆಗಿದ್ದರು. ನಾನೂ ಗಾಂಧಿನಗರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳೇ. ನನ್ನ ಫೈಲುಗಳ ಮೇಲೆ ಇವತ್ತಿಗೂ ಬಿಕೆಟಿ ಎಂದೇ ಬರೆದಿರುತ್ತದೆ.

ರೆಪ್ರೆಸೆಂಟೇಟಿವ್ ಎಂದರೆ ಪ್ರಿಂಟಿನ ಹಿಂದೆ ಹೋಗುವವನು. ಪರ್ಸೆಂಟೇಜ್ ಲೆಕ್ಕದಲ್ಲಿ ಓಡುವ ಸಿನಿಮಾಕ್ಕೆ ಟಾಕೀಸಿನವರು ತೋರಿಸುವ ಕಲೆಕ್ಷನ್ ನಿಜವೋ ಸುಳ್ಳೋ ನೋಡಲು ಒಬ್ಬ ಮನುಷ್ಯ ಬೇಕು. ಬುಕಿಂಗ್ ಕಿಟಕಿಯ ಪಕ್ಕ ಕೂತು, ಒಂದೊಂದು ಕ್ಲಾಸಿನ ಟಿಕೆಟ್ ಪುಸ್ತಕದ ಮೊದಲ ನಂಬರು, ಕೊನೆಯ ನಂಬರು ಬರೆದುಕೊಂಡು, ಒಳಗೆ ಹೋಗಿ ತಲೆ ಎಣಿಸಿ, ದಿನದ ಕಲೆಕ್ಷನ್ ವರದಿ ಡಿಸಿಆರ್‌ಗೆ ಸಹಿ ಹಾಕಿಸಿಕೊಂಡು ಬರಬೇಕು. ಸೆಕೆಂಡ್ ಶೋ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಮಧುಗಿರಿಯಲ್ಲೋ ಮುಳಬಾಗಿಲಲ್ಲೋ ಟಾಕೀಸಿನ ಬೆಂಚಿನ ಮೇಲೆ ಮಲಗಬಾರದು ಎಂದರೆ ಸ್ವಂತ ಗಾಡಿ ಇರಬೇಕು. ಅಪ್ಪ 1969ರಲ್ಲಿ ಮೆರೂನ್ ಬಣ್ಣದ ಜಾವಾ ತಗೊಂಡದ್ದು ಇದಕ್ಕೆ. ವರ್ಷಗಟ್ಟಲೆ ಚಾಮರಾಜಪೇಟೆಯ ನಮ್ಮ ಮನೆಯ ಓಣಿಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಅದೇ ಗಾಡಿಯನ್ನು ಬಿಚ್ಚಿ ಮತ್ತೆ ಕಟ್ಟಲು ಹೊರಟಾಗ ನನಗೆ ರಿಂಗ್ ಸ್ಪ್ಯಾನರ್ ಯಾವುದು, ಬಾಕ್ಸ್ ಸ್ಪ್ಯಾನರ್ ಯಾವುದು ಗೊತ್ತಿರಲಿಲ್ಲ. ಕಲಿಸಿದವರು ಇದ್ದರು. ಅವರು ಯಾರು, ಅವರ ಕೈಗೆ ಈ ವಿದ್ಯೆ ಹೇಗೆ ಬಂತು ಎಂಬುದು ಗಾಡಿಗಿಂತ ದೊಡ್ಡ ಕಥೆ.

ಅಪ್ಪನ ಕಾಲದಲ್ಲಿ ಶೋರೂಮಿಗೆ ಹೋಗಿ ಇಷ್ಟಬಂದದ್ದನ್ನು ಆರಿಸಿಕೊಳ್ಳುವ ಹಾಗಿರಲಿಲ್ಲ. ಹೊರದೇಶದ ಮೋಟರ್‌ಸೈಕಲ್‌ಗಳ ಆಮದಿಗೆ ಸರ್ಕಾರ 50ರ ದಶಕದಲ್ಲೇ ಕಡಿವಾಣ ಹಾಕಿತ್ತು. ಇಲ್ಲೇ ತಯಾರಾಗುತ್ತಿದ್ದ ದೊಡ್ಡ ಗಾಡಿಗಳೆಂದರೆ ಮದ್ರಾಸಿನ ಬುಲೆಟ್, ಎಸ್ಕಾರ್ಟ್ಸ್‌ನ ರಾಜ್‌ದೂತ್, ನಮ್ಮ ಮೈಸೂರಿನ ಜಾವಾ. ಬುಲೆಟ್ಟಿನ ತವರು ಇಂಗ್ಲೆಂಡ್, ರಾಜ್‌ದೂತ್‌ನದು ಪೋಲೆಂಡ್, ಜಾವಾದ್ದು ಜೆಕೊಸ್ಲೊವಾಕಿಯ. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂತಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವ್ಯವಹಾರ ಕೊಂಡು, ತನ್ನ ಹೆಸರಿಗೆ ಅದರ ಹೆಸರು ಜೋಡಿಸಿ ಶುರುಮಾಡಿದ ಕಂಪನಿ ಅದು. ಇಂಡಿಯಾದಲ್ಲಿ ಆ ಗಾಡಿ ಮಾರುತ್ತಿದ್ದ ಇರಾನಿ ಮನೆತನದ ರುಸ್ತುಂ ಮತ್ತು ಫರೋಖ್, ಆಮದು ನಿಂತ ಮೇಲೆ ಇಲ್ಲೇ ತಯಾರಿಸುವ ಲೈಸೆನ್ಸ್ ತಂದು 1960ರಲ್ಲಿ ಐಡಿಯಲ್ ಜಾವಾ ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಎದ್ದ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್.

ಅಲ್ಲಿ ತಯಾರಾದ 250 ಸಿಸಿ ಗಾಡಿಯ ಎಂಜಿನ್ ಬಿಚ್ಚಿ ಮೇಜಿನ ಮೇಲಿಟ್ಟರೆ ಆಶ್ಚರ್ಯವಾಗುವುದು ಒಳಗೆ ಎಷ್ಟು ಕಡಿಮೆ ಸಾಮಾನಿದೆ ಎಂದು. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಆಯಿಲ್ ಪಂಪ್ ಇಲ್ಲ. ಪೆಟ್ರೋಲಿಗೇ ಲೀಟರಿಗೆ ಸುಮಾರು 40 ಮಿಲಿಲೀಟರ್ ಆಯಿಲ್ ಬೆರೆಸಿದರೆ ಆಯಿತು. ಸಿಲಿಂಡರ್ ಒಂದೇ, 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, ಆದರೆ ಸೈಲೆನ್ಸರ್ ಎರಡು. ಕಿಕ್ಕರ್ ಹೊಡೆದು ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತದೆ. ಆ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ, ಕೈಯಲ್ಲಿ ಹಿಡಿಯಲೇಬೇಕೆಂದಿಲ್ಲ. ಕೆಟ್ಟುನಿಂತರೆ ಊರಿನ ಯಾವ ಸೈಕಲ್ ಶಾಪಿನವನಾದರೂ ಬಿಚ್ಚಿ ನೋಡುವ ಧೈರ್ಯ ಮಾಡಬಹುದಾದ ಯಂತ್ರ ಅದು. ಪಾವಗಡದ ರಸ್ತೆಯಲ್ಲಿ ಅಪ್ಪನಿಗೆ ಬೇಕಾಗಿದ್ದದ್ದೂ ಅದೇ.

70ರ ದಶಕದ ಮೊದಲ ವರ್ಷಗಳಲ್ಲಿ ಜೆಕ್ ಲೈಸೆನ್ಸ್ ಮುಗಿದು ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಹುಡುಗರಿಗೆ ಮೋಟರ್‌ಬೈಕಿನ ಹುಚ್ಚು ಹಿಡಿದಿದ್ದ ಕಾಲ. 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ರಾಜ್‌ಕುಮಾರ್ ಅವರೇ ಬೈಕ್ ರೇಸಿಗೆ ಇಳಿದಿದ್ದರು. ಆ ಹುಚ್ಚನ್ನು ಬಿಡಿಸಿದ್ದು ಪೆಟ್ರೋಲ್ ಲೆಕ್ಕ. 1984–85ರ ಸುಮಾರಿಗೆ ಇಂಡ್-ಸುಜುಕಿ, ಹೀರೋ ಹೋಂಡಾ, ಆರ್‌ಎಕ್ಸ್ 100 ಒಂದರ ಹಿಂದೊಂದು ಇಳಿದವು. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳುವವರ ಮುಂದೆ ಯೆಜ್ಡಿ ನಿಲ್ಲಲಿಲ್ಲ. ಹೊಗೆಯ ಕಾನೂನುಗಳು ಬಿಗಿಯಾದವು, ಕಾರ್ಖಾನೆಯೊಳಗೆ ತಕರಾರು ಬೆಳೆಯಿತು. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು.

ಕಂಪನಿ ಮುಚ್ಚಿದ ಮೇಲೆ ಗಾಡಿ ಗುಜರಿಗೆ ಹೋಗುವುದು ಲೋಕರೂಢಿ. ಜಾವಾ ಹೋಗಲಿಲ್ಲ. ಅದನ್ನು ತಡೆದವರು ಕಲಾಸಿಪಾಳ್ಯದ ಲೇತಿನವರು, ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯವರು, ಎಸ್‌ಜೆಪಿ ರಸ್ತೆಯ ನಟ್ಟು-ಬೋಲ್ಟಿನವರು, ಶಿವಾಜಿನಗರದ ಗುಜರಿಯವರು. ಮೈಸೂರಿನ ಒಂದು ಕಾಂಪೌಂಡಿನೊಳಗೆ ಆಗುತ್ತಿದ್ದ ಕೆಲಸ ಬೆಂಗಳೂರಿನ ಪೇಟೆಯ ಬೀದಿಗಳಿಗೆ ಹಂಚಿಹೋಯಿತು ಎಂದೇ ನಾನು ತಿಳಿದಿದ್ದೇನೆ. ಕಾರ್ಖಾನೆ ನಡೆದದ್ದು ಮೂವತ್ತೈದು ವರ್ಷ. ಈ ಬೀದಿಗಳು ಹತ್ತಿರಹತ್ತಿರ ಅಷ್ಟೇ ಕಾಲ ಅದರ ಕೆಲಸವನ್ನು ಮುಂದುವರಿಸಿವೆ.

ಆ ಬೀದಿಗಳಿಗೆ ಕೈಚಳಕ ಬಂದ ದಾರಿಯೂ ಬೆಂಗಳೂರಿನದೇ. ನನಗೆ ಗುರುವಾದ ಮಲ್ಲೇಶ್ವರದ ಹಿರಿಯರು ಎಚ್‌ಎಂಟಿ ಟೂಲ್ ರೂಮಿನಲ್ಲಿದ್ದು ನಿವೃತ್ತರಾದವರು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಮೈಕೋ ಇಲ್ಲದ ಊರಿನಲ್ಲಿ ನೂರರಲ್ಲೊಂದು ಮಿಲಿಮೀಟರ್ ಅಳೆಯುವವರು ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಜಾವಾ ಪ್ಲಗ್ಗಿಗೆ ಎಲ್ಲರೂ ಮೈಕೋ ಎಂದೇ ಕೇಳುತ್ತಿದ್ದರು. ಅದೂ ಆಡುಗೋಡಿಯ ಕಂಪನಿಯದೇ. ನಮ್ಮ ಹಿರಿಯರು ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ–ಯೆಜ್ಡಿ ದಿನಕ್ಕೆ ತಪ್ಪದೆ ಗಾಡಿ ತೊಳೆದು ಹೊರಡುವ ಪೈಕಿ. ನನ್ನನ್ನು ಕೂರಿಸಿಕೊಂಡು ಟೈಮಿಂಗ್ ಇಡಲು ಕಲಿಸಿದರು. ಪ್ಲಗ್ ಬಿಚ್ಚಿ ಆ ತೂತಿನಿಂದ ಪಿಸ್ಟನ್ ಎಲ್ಲಿದೆ ಎಂದು ಅಳೆಯಬೇಕು. ಅದು ಮೇಲಿನ ತುದಿ ಮುಟ್ಟಲು ಸುಮಾರು 3 ಮಿಲಿಮೀಟರ್ ಇದೆ ಎನ್ನುವಾಗ ಕಾಂಟ್ಯಾಕ್ಟ್ ಪಾಯಿಂಟ್ ಬಾಯಿ ಬಿಡಬೇಕು. ಬಿಟ್ಟಿತೆಂದು ಗೊತ್ತಾಗುವುದು ಹೇಗೆ? ಸಿಗರೇಟ್ ಪ್ಯಾಕಿನ ತೆಳು ಕಾಗದದ ಚೂರೊಂದನ್ನು ಪಾಯಿಂಟ್ ನಡುವೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. “ಮೆಲ್ಲಗೆ ಎಳೀತಾ ಇರಮ್ಮ, ನಾನು ಫ್ಲೈವೀಲ್ ತಿರುಗಿಸ್ತೀನಿ. ಕಾಗದ ಯಾವಾಗ ಕೈಗೆ ಬರತ್ತೋ ಅದೇ ಟೈಮಿಂಗು.” ಕಾಗದ ಬಂತು.

ಕ್ರ್ಯಾಂಕ್ ಕೆಲಸ ಕಲಾಸಿಪಾಳ್ಯದಲ್ಲಿ, ಎಲ್ಲರೂ ಭಾಯ್ ಎನ್ನುವ ಲೇತಿನವರ ಹತ್ತಿರ. ಜಾವಾ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ದಪ್ಪ ಚಕ್ರ, ನಡುವೆ ಒತ್ತಿ ಕೂರಿಸಿದ ಪಿನ್ನು, ಆ ಪಿನ್ನಿನ ಮೇಲೆ ಕನೆಕ್ಟಿಂಗ್ ರಾಡು. ಹಳೆಯ ರಾಡು ಅಲ್ಲಾಡುತ್ತಿತ್ತು. ಭಾಯ್ ಪ್ರೆಸ್ಸಿಗೆ ಕೊಟ್ಟು ಪಿನ್ ಕಳಚಿ, ಹೊಸ ರಾಡು-ಬೇರಿಂಗ್ ಹಾಕಿ ಮತ್ತೆ ಒತ್ತಿದರು. ಅಸಲು ಕೆಲಸ ಇರುವುದು ಆಮೇಲೆ. ಕ್ರ್ಯಾಂಕನ್ನು ಲೇತಿನ ಎರಡು ಸೆಂಟರ್‌ಗಳ ನಡುವೆ ಹಿಡಿದು, ಡಯಲ್ ಗೇಜಿನ ಮೂತಿ ಶಾಫ್ಟಿಗೆ ತಾಗಿಸಿ, ಕೈಯಲ್ಲಿ ನಿಧಾನ ತಿರುಗಿಸುತ್ತಾರೆ. ಮುಳ್ಳು ಆಡಿದರೆ ಔಟು. ತಾಮ್ರದ ಸುತ್ತಿಗೆಯಲ್ಲಿ ಚಕ್ರದ ಅಂಚಿಗೆ ಒಂದು ಪೆಟ್ಟು, ಮತ್ತೆ ತಿರುಗಿಸಿ ನೋಡುವುದು. ನೂರರಲ್ಲಿ ಎರಡು-ಮೂರು ಪಾಲು ಮಿಲಿಮೀಟರಿಗೆ ಬರುವವರೆಗೂ ಇದೇ. ಎಲ್ಲಿಗೆ, ಎಷ್ಟು ಜೋರಾಗಿ ಹೊಡೆಯಬೇಕೆಂದು ಹೇಗೆ ತಿಳಿಯುತ್ತದೆ ಭಾಯ್ ಎಂದೆ. “ಮುಳ್ಳೇ ಹೇಳ್ತದಲ್ಲಮ್ಮ” ಎಂದು ಇನ್ನೊಂದು ಪೆಟ್ಟು ಕೊಟ್ಟರು.

ಟ್ಯಾಂಕಿಗೆ ಬಣ್ಣ ಯಾರು ಬೇಕಾದರೂ ಹೊಡೆದುಕೊಡುತ್ತಾರೆ. ಕ್ರೋಮಿಗೂ ಮೆರೂನಿಗೂ ನಡುವೆ ಬರುವ ಚಿನ್ನದ ಬಣ್ಣದ ಗೆರೆಗೆ ಮಾತ್ರ ಕುಂಚ ಹಿಡಿಯುವವರೇ ಬೇಕು. ನಮ್ಮ ಆಫೀಸಿನ ಹಳಬರೊಬ್ಬರು ತೋರಿಸಿದ್ದು, ಒಂದು ಕಾಲಕ್ಕೆ ಕೆ.ಜಿ. ರಸ್ತೆಯ ಟಾಕೀಸುಗಳಿಗೆ ಬ್ಯಾನರ್ ಬರೆಯುತ್ತಿದ್ದ ಕಲಾವಿದರನ್ನು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಅಂಗಡಿ ಬೋರ್ಡು, ಲಾರಿ ಬಾಗಿಲುಗಳಿಗೆ ಇಳಿದಿತ್ತು. ಅವರು ಕಿರುಬೆರಳನ್ನು ಟ್ಯಾಂಕಿಗೆ ಊರಿ, ಕುಂಚವನ್ನು ಎತ್ತದೆ ಒಂದೇ ಎಳೆತಕ್ಕೆ ಗೆರೆ ಮುಗಿಸಿದರು. ಎಳೆಯುವಾಗ ಅವರ ಕಣ್ಣು ಕುಂಚದ ತುದಿಯ ಮೇಲಿರಲಿಲ್ಲ, ಗೆರೆ ಹೋಗಿ ನಿಲ್ಲಬೇಕಾದ ಜಾಗದ ಮೇಲಿತ್ತು. ಗಾಂಧಿನಗರದ ಕೆಲಸಕ್ಕೆಂದು ಕೊಂಡ ಗಾಡಿಗೆ ಗಾಂಧಿನಗರದ ಕೈಯೇ ಗೆರೆ ಹಾಕಿತು.

ಈಗ ಹಳೆಯ ಗಾಡಿಗಳಿಗೆ ಮಾನ ಬಂದಿದೆ. 2018ರಲ್ಲಿ ಜಾವಾ ಹೆಸರಿನಲ್ಲಿ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳೂ ಬಂದವು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ, 10 ವರ್ಷದ ಅವಧಿ. ಅಪ್ಪನ ಜಾವಾಕ್ಕೆ ವಯಸ್ಸಾಗಿದೆ. ನೀವು ಯಾಕೆ ಅರ್ಜಿ ಹಾಕಲಿಲ್ಲ ಎಂದು ಕೇಳುವವರಿದ್ದಾರೆ.

ಹಾಕಲಿಲ್ಲ. ವಿಎ ನಂಬರಿನ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಒಯ್ಯಬಹುದೇ ಹೊರತು ದಿನಾ ಆಫೀಸಿಗೆ ಓಡಿಸುವಂತಿಲ್ಲ. ನನಗೆ ಚಾಮರಾಜಪೇಟೆಯಿಂದ ಗಾಂಧಿನಗರಕ್ಕೆ ಹೋಗಿಬರಬೇಕು. ಅದಕ್ಕೇ ಹಳೆಯ ನಂಬರನ್ನೇ ಉಳಿಸಿಕೊಂಡು, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿ, ಹಸಿರು ತೆರಿಗೆ ಕಟ್ಟುವ ದಾರಿ ಹಿಡಿದಿದ್ದೇನೆ. ಅದಕ್ಕಿಂತ ದೊಡ್ಡ ಕಾರಣ ಲೆಕ್ಕದವಳಾಗಿ ನನಗೆ ಕಾಣುವಂಥದ್ದು. ನಿಂತ ಗಾಡಿಗೆ ಕ್ಲಚ್ ಪ್ಲೇಟು ಬೇಡ, ಚೈನು ಬೇಡ, ರಾಡು ಬೇಡ. ಯಾರಿಗೂ ಬೇಡವಾದ ಸಾಮಾನನ್ನು ಜೆ.ಸಿ. ರಸ್ತೆಯವರು ಯಾಕೆ ತರಿಸಬೇಕು, ಕ್ರ್ಯಾಂಕ್ ಬರದಿದ್ದರೆ ಭಾಯ್ ತಮ್ಮ ಮಗನಿಗೆ ಆ ಮುಳ್ಳು ಓದುವುದನ್ನು ಯಾಕೆ ಕಲಿಸಬೇಕು? ಗಾಡಿ ಸವೆಯುತ್ತಿದ್ದರೆ ಮಾತ್ರ ಈ ಕಸುಬಿಗೆ ಕೆಲಸ. ನಾನು ಓಡಿಸುತ್ತೇನೆ, ಅದು ಸವೆಯಲಿ.