ಗೋರ್ಟಾದಲ್ಲಿ ಉಳಿದ ಮಕ್ಕಳು

ಇವತ್ತಿನ ಎಪಿಸೋಡ್ ಬೀದರ್ ಜಿಲ್ಲೆಯ ಗೋರ್ಟಾ (ಬಿ) ಬಗ್ಗೆ. ವಿಷಯ ಭಾರ ಅದ. ಕಷ್ಟ ಅನಿಸಿದರೆ ನಿಲ್ಲಿಸಿ, ಆಮೇಲೆ ಕೇಳಿ.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಬೀದರ್‌ಗೆ ಬರಲಿಲ್ಲ. ಇದು ನಿಜಾಮನ ಹೈದರಾಬಾದ್ ಸಂಸ್ಥಾನದೊಳಗಿತ್ತು. ಭಾರತಕ್ಕೆ ಸೇರಬೇಕು ಅನ್ನುವವರ ಮೇಲೆ ಖಾಸಿಂ ರಜ್ವಿಯ ರಜಾಕಾರರು ಬೀಳುತ್ತಿದ್ದರು. 1948ರ ಮೇ ತಿಂಗಳಲ್ಲಿ ಅವರು ಗೋರ್ಟಾಕ್ಕೆ ನುಗ್ಗಿದರು. ಸತ್ತವರು ಸುಮಾರು 200 ಜನ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಶರಣಾದ. ಹಿಂಸೆ ಅಲ್ಲಿಗೇ ಮುಗೀಲಿಲ್ಲ, ದಿಕ್ಕು ಬದಲಿಸಿತು. ಈ ಸಲ ಪೆಟ್ಟು ಬಿದ್ದದ್ದು ಮುಸ್ಲಿಮರ ಮೇಲೆ. ಸಂಸ್ಥಾನದಾದ್ಯಂತ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು.

ನಾನು ಬಿ.ಕಾಂ ಓದಿದವನು. ಲೆಕ್ಕ ನೋಡಿದರೆ ಖಾಲಿ ಕಾಲಂ ಮೊದಲು ಕಣ್ಣಿಗೆ ಬೀಳುತ್ತೆ. ಈ ಲೆಕ್ಕಗಳಲ್ಲಿ ಸತ್ತವರು ಇದ್ದಾರೆ. ಎಲ್ಲಾ ನೋಡಿ ಬದುಕಿ ಉಳಿದ ಮಕ್ಕಳು ಇಲ್ಲ.

ಆಗ ಯಾರೂ ಕೇಳಲಿಲ್ಲ ಯಾಕೆ? ಕೇಳೋದಕ್ಕೆ ಪದವೇ ಇರಲಿಲ್ಲ. ಇವತ್ತು ನಾವು ಸುಲಭವಾಗಿ 'ಪಿಟಿಎಸ್‌ಡಿ' ಅಂತೀವಲ್ಲ, ಅದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. 1998ರಲ್ಲಿ ಫೆಲಿಟ್ಟಿ, ಆಂಡಾ ಎಂಬ ವೈದ್ಯರು 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಅಧ್ಯಯನ ಶುರುವಾದದ್ದರ ಮೊದಲ ವರದಿ ಕೊಟ್ಟರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಆಘಾತ ಕಂಡವರಲ್ಲಿ ಖಿನ್ನತೆ, ಕುಡಿತ, ಆತ್ಮಹತ್ಯೆ ಯತ್ನದ ಅಪಾಯ ಹಲವು ಪಟ್ಟು ಜಾಸ್ತಿ ಇತ್ತು. ಅವರು ಕೇಳಿದ್ದು ಮನೆಯೊಳಗಿನ ಹಿಂಸೆ ಬಗ್ಗೆ, ಗಲಭೆ ಬಗ್ಗೆ ಅಲ್ಲ. ಆದರೂ ಒಂದು ಮಾತು ಗಟ್ಟಿಯಾಯ್ತು: ಸಣ್ಣ ವಯಸ್ಸಿನ ಭಯ ವಯಸ್ಸಿನ ಜೊತೆ ತಾನಾಗೇ ಹೋಗಿಬಿಡುತ್ತೆ ಅಂತ ನಂಬೋಕಾಗಲ್ಲ. ಮಗುವಿನ ಮೈ ಸದಾ ಎಚ್ಚರದಲ್ಲೇ ಇರೋದನ್ನ ಕಲಿತುಬಿಡಬಹುದು. ಅಪಾಯ ಮುಗಿದ ಮೇಲೂ ಬೆಚ್ಚಿ ಬೀಳೋದು, ನಿದ್ದೆ ಬರದೇ ಇರೋದು ಉಳಿಯಬಹುದು.

ಹಾಗಂತ ಅದು ಹಣೆಬರಹ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಆನಾ ಫ್ರಾಯ್ಡ್, ಡೊರೊಥಿ ಬರ್ಲಿಂಗಮ್ ಮಕ್ಕಳನ್ನು ನೋಡಿಕೊಂಡು 1943ರಲ್ಲಿ ಪುಸ್ತಕ ಬರೆದರು. ಬಾಂಬಿಗಿಂತ ತಾಯಿಯಿಂದ ಅಗಲಿಕೆಯೇ ಎಷ್ಟೋ ಮಕ್ಕಳನ್ನು ಹೆಚ್ಚು ಅಲುಗಿಸಿತ್ತು ಅನ್ನೋದು ಅವರು ಕಂಡದ್ದು. ಅಂದರೆ ಪಕ್ಕದಲ್ಲಿ ನಂಬುವ ಒಬ್ಬ ದೊಡ್ಡವರು ಇದ್ದರೆ ಮಗು ತಡಕೊಳ್ಳಬಲ್ಲದು. ಈಗ ಗೋರ್ಟಾದ ಕಡೆ ನೋಡಿ. ಅಪ್ಪನನ್ನೇ ಕಳಕೊಂಡ ಮಗುವಿಗೆ ಎರಡು ನಷ್ಟ: ಭಯ ಬಂತು, ಭಯ ತಡೆಯುವವರು ಹೋದರು.

ನಮ್ಮ ಮನೋವೈದ್ಯಶಾಸ್ತ್ರವೂ ಬಹಳ ಕಾಲ ಸುಮ್ಮನಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನ ಸಂಜೀವ್ ಜೈನ್, ಆಲೋಕ್ ಸರೀನ್ ಜೊತೆ ಸೇರಿ ದೇಶವಿಭಜನೆಯ ಮಾನಸಿಕ ಪರಿಣಾಮದ ಬಗ್ಗೆ ಪುಸ್ತಕ ತಂದದ್ದು 2018ರಲ್ಲಿ. ಅಷ್ಟೊತ್ತಿಗೆ 70 ವರ್ಷ ಕಳೆದಿತ್ತು.

ಗೋರ್ಟಾದಲ್ಲಿ ಈಗ ಸ್ಮಾರಕ ಇದೆ, 2023ರಲ್ಲಿ ಉದ್ಘಾಟನೆ ಆಯ್ತು. ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಕಲ್ಯಾಣ ಕರ್ನಾಟಕ ಉತ್ಸವ ಮಾಡ್ತೀವಿ. 1948ರಲ್ಲಿ ಐದು ವರ್ಷದ ಕೂಸಾಗಿದ್ದವರು ಈಗ 80 ದಾಟಿದ ಮುತ್ಯಾ, ಆಯಿ. ಅವರ ಮುಂದೆ ಮೊಬೈಲ್ ಹಿಡಿದು 'ಆ ದಿನ ಏನಾಯ್ತು ಹೇಳ್ರಿ' ಅನ್ನೋ ಆಸೆ ನನ್ನಂಥ ಪಾಡ್‌ಕಾಸ್ಟಿನವರಿಗೆ ಇದ್ದೇ ಇರುತ್ತೆ. ಆದರೆ ಒತ್ತಾಯ ಮಾಡಿ ಹೇಳಿಸಿದರೆ ನೋವು ಕಡಿಮೆ ಆಗಲ್ಲ, ಹೆಚ್ಚಾಗಲೂಬಹುದು. ಮೊದಲು ಕೇಳಬೇಕಾದ್ದು, 'ಹೇಳೋ ಮನಸ್ಸಿದೆಯಾ?' ಇಲ್ಲ ಅಂದರೆ ರೆಕಾರ್ಡಿಂಗ್ ಬಂದ್ ಮಾಡಿ, ಚಹಾ ಕುಡಿದು, ಜೊತೆಗೆ ಕೂತು ಬನ್ನಿ. ಆ ಮೌನ ಮರೆವು ಅಲ್ಲ. ಹಿಂದೂ ಮನೆಯಲ್ಲೂ ಅಷ್ಟೇ, ಮುಸ್ಲಿಂ ಮನೆಯಲ್ಲೂ ಅಷ್ಟೇ.

ಇದನ್ನ ಕೇಳ್ತಾ ನಿಮ್ಮದೇ ಬಾಲ್ಯದ ಏನೋ ಒಂದು ಎದ್ದು ಬಂದಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416. ಫೋನು ಉಚಿತ, ಕನ್ನಡದಲ್ಲೇ ಮಾತಾಡಬಹುದು. 1948ರ ಮಕ್ಕಳಿಗೆ ಇಂಥ ನಂಬರ್ ಇರಲಿಲ್ಲ. ನಿಮಗಿದೆ, ಬಳಸಿ. ಮತ್ತೆ ಸಿಗೋಣ.