ಮಗುವಿನ ಬುದ್ಧಿಗೆ ಅಳತೆಗೋಲು: ತೊಂಬತ್ತು ವರ್ಷಗಳ ಹಾದಿ

ಯಲಹಂಕ, ಯಶವಂತಪುರ, ಆರ್.ಟಿ. ನಗರದ ಸರ್ಕಾರಿ ಶಾಲೆಗಳಲ್ಲಿ ಮನೆಯಲ್ಲಿ ಉರ್ದು, ತೆಲುಗು, ತಮಿಳು ಆಡುವ ಮಕ್ಕಳೂ ಕಟ್ಟಡ ಕೆಲಸಕ್ಕೆಂದು ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಕ್ಕಳೂ ಒಟ್ಟಿಗೆ ಕೂರುತ್ತಾರೆ. ಇವರಲ್ಲೊಂದು ಮಗು ಹಿಂದೆ ಬಿದ್ದರೆ ಕಾರಣ ಬುದ್ಧಿಯೋ, ಭಾಷೆಯೋ, ಪಾಠದ ಕ್ರಮವೋ? ಕರ್ನಾಟಕದಲ್ಲಿ ಈ ಪ್ರಶ್ನೆ ಹೊಸದೇನಲ್ಲ.

ಬುದ್ಧಿಮಾಪನ ಶುರುವಾದದ್ದು ಪ್ಯಾರಿಸ್ಸಿನಲ್ಲಿ. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಆಲ್ಫ್ರೆಡ್ ಬಿನೆ 1905ರಲ್ಲಿ ತನ್ನ ಪರೀಕ್ಷೆ ರೂಪಿಸಿದ. ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಮರಳಿ ಹೇಳುವಂಥ ಸಣ್ಣ ಕೆಲಸಗಳು ಅದರಲ್ಲಿದ್ದವು. ಬುದ್ಧಿ ಅಭ್ಯಾಸದಿಂದ ಬೆಳೆಯುತ್ತದೆ ಎಂಬುದು ಅವನ ವಾದ. ಆ ಪರೀಕ್ಷೆಯನ್ನೇ 1916ರಲ್ಲಿ ಪರಿಷ್ಕರಿಸಿದ ಅಮೆರಿಕದ ಲೂಯಿಸ್ ಟರ್ಮನ್, ಬುದ್ಧಿ ಬಹುಪಾಲು ಹುಟ್ಟಿನಿಂದ ಬರುವುದೆಂದು ನಂಬಿದವನು. ಅವನ ಪರೀಕ್ಷೆಯಲ್ಲಿ ಹತ್ತು ವರ್ಷದ ಮಗು ಎಂಟು ವರ್ಷದವರ ಮಟ್ಟದ ಉತ್ತರ ಕೊಟ್ಟರೆ ಬುದ್ಧಿಸೂಚ್ಯಂಕ, ಅಂದರೆ ಐಕ್ಯೂ, ಹತ್ತಕ್ಕೆ ಎಂಟರಂತೆ ನೂರಕ್ಕೆ 80. ನೆರವಿಗೆಂದು ಹುಟ್ಟಿದ ಪರೀಕ್ಷೆ ಹೀಗೆ ಹಣೆಬರಹದ ಅಂಕಿಯಾಯಿತು.

ನಮ್ಮಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಆರಂಭವಾಯಿತು. ಆಗಿನ ಮುಂಬೈ ಕರ್ನಾಟಕದಲ್ಲಿ ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಬಂಧ ಪ್ರಕಟಿಸಿದರು. 1940ರಲ್ಲಿ ಪುಸ್ತಕವೂ ಬಂತು. ಪರದೇಶದ ಅಳತೆಗೋಲನ್ನು ಇದ್ದಂತೆಯೇ ಬಳಸಲಾಗದು ಎಂಬ ಅವರ ನಿಲುವೇ ದೊಡ್ಡದು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ತೊಡಕೂ ಅಲ್ಲೇ ಇದೆ: ತಲೆಮಾರಿನಿಂದ ತಲೆಮಾರಿಗೆ ಅಂಕಗಳು ಏರುತ್ತ ಬಂದಿರುವುದು ಹಲವು ದೇಶಗಳಲ್ಲಿ ಕಂಡಿದೆ. ಹಾಗಾಗಿ ಹಳೆಯ ಮಾನದಂಡದಲ್ಲಿ ಅಳೆದರೆ ನೆರವು ಬೇಕಾದ ಮಗುವೂ ಅರ್ಹತೆಯ ಗೆರೆ ದಾಟಿ ಸೌಲಭ್ಯದಿಂದ ವಂಚಿತವಾಗಬಹುದು.

ಮುಂದಿನ ಘಟ್ಟದಲ್ಲಿ ಗಮನ ಒಟ್ಟು ಬುದ್ಧಿಯಿಂದ ಓದಿನ ಕಡೆಗೆ ಹೊರಳಿತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಕಲಿಕಾ ನ್ಯೂನತೆ ಗುರುತಿಸುವ ಪರೀಕ್ಷೆಗಳನ್ನು ರೂಪಿಸಿತು. ಕನ್ನಡ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸುವಂಥದ್ದು. ಇಂಗ್ಲಿಷಿನಲ್ಲಿ 26 ಅಕ್ಷರ ಗುರುತಿಸುವ ಕೆಲಸ ಬೇಗ ಮುಗಿಯುತ್ತದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಮೂರನೇ ತರಗತಿಯ ಹುಡುಗಿ ‘ರಾಷ್ಟ್ರ’ ಎಂಬಲ್ಲಿ ತಡವರಿಸಿದಳೆಂದ ಮಾತ್ರಕ್ಕೆ ದಡ್ಡಿಯಲ್ಲ. ಇಂಗ್ಲಿಷ್ ಮಕ್ಕಳ ವೇಗದಲ್ಲಿ ಅಳೆದರೆ ಮಾತ್ರ ಹಾಗೆ ಕಾಣುತ್ತಾಳೆ.

ಪ್ರತಿ ಮಗುವೂ ತನ್ನ ವೇಗದಲ್ಲೇ ಕಲಿಯಲಿ ಎಂಬ ಆಶಯಕ್ಕೆ ತರಗತಿಯೊಳಗೆ ಸಮೀಪದ ಪ್ರಯೋಗವೆಂದರೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾಗಿ, ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಗೋಡೆಯ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡು. ಸುಗ್ಗಿಗೆಂದು ಊರಿಗೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಒಂದರಿಂದ ಮೂರರವರೆಗಿನ ತರಗತಿಗಳಿಗೆಲ್ಲ ಒಬ್ಬರೇ ಶಿಕ್ಷಕರಾದಾಗ ಪ್ರತಿ ಮಗುವಿನ ಮೆಟ್ಟಿಲು ನೆನಪಿಟ್ಟುಕೊಳ್ಳುವುದು ಹೇಳಿದಷ್ಟು ಸುಲಭವಲ್ಲ.

ಹಾಗೆಂದು ಅಳತೆಯೇ ಬೇಡ ಎಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೌದ್ಧಿಕ ಅಂಗವೈಕಲ್ಯವನ್ನೂ ಕಲಿಕಾ ನ್ಯೂನತೆಯನ್ನೂ ಗುರುತಿಸಿದೆ. ಪ್ರಮಾಣಪತ್ರಕ್ಕೆ ಅಳತೆ ಬೇಕೇ ಬೇಕು. ಆದರೆ ಅಳೆದ ಮೇಲೆ ನಾಳೆಯಿಂದ ಆ ಮಗುವಿಗೆ ಏನು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಕಲಿಸಬೇಕೆಂದು ವರದಿ ಹೇಳಬೇಕು. ಅಷ್ಟನ್ನು ಹೇಳದ ವರದಿ ಕಡತಕ್ಕೆ ಸಾಕು, ಶಾಲೆಗೆ ಸಾಲದು.